ಕುಲಾಂತರಿ ಜೋಳದ ಕಾವಲು

ಕೃಷಿ ಇಲಾಖೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿದವಳು ನಾನು. ನಗು ಬರಿಸುವ ಸಂಗತಿಗಳನ್ನು ಹುಡುಕಿಕೊಂಡು ಹೋಗುವ ಅಗತ್ಯ ಯಾವತ್ತೂ ಬೀಳಲಿಲ್ಲ. ಕೈಯಲ್ಲೊಂದು ಸರ್ಕಾರಿ ನಮೂನೆ ಹಿಡಿದು ಹೊಲಕ್ಕೆ ಇಳಿದರೆ ಸಾಕು, ಅವೇ ಬದುವಿನ ಮೇಲೆ ಕಾದು ಕೂತಿರುತ್ತಿದ್ದವು. ಬೆಳೆ ಸಮೀಕ್ಷೆ, ಮಣ್ಣು ಪರೀಕ್ಷೆ, ಬಿತ್ತನೆ ಬೀಜದ ವಿತರಣೆ, ಎಲ್ಲದರಲ್ಲೂ ಒಂದೊಂದು ಸಿಕ್ಕಿದೆ. ಆದರೆ ಒಂದೇ ಮಳೆಗಾಲದಲ್ಲಿ, ಒಂದೇ ಹೊಲದಲ್ಲಿ ಇಷ್ಟೊಂದು ಸಿಕ್ಕಿದ್ದು ಒಂದೇ ಸಲ.

ಕುಶಾಲನಗರದಿಂದ ಸ್ವಲ್ಪ ದೂರದ ಒಂದು ಹಳ್ಳಿಯಲ್ಲಿ, ಒಂದು ಬೀಜದ ಕಂಪನಿಗೆ ಕುಲಾಂತರಿ ಮುಸುಕಿನ ಜೋಳ ಬೆಳೆದು ನೋಡಲು ಅನುಮತಿ ಸಿಕ್ಕಿತ್ತು. ಬೇರೊಂದು ಜೀವಿಯ ವಂಶವಾಹಿಯನ್ನು ತಂದು ಒಳಗೆ ಸೇರಿಸಿದ ಗಿಡಕ್ಕೆ ಕುಲಾಂತರಿ ಅನ್ನುತ್ತಾರೆ. ಇಲ್ಲಿ ಮಣ್ಣಿನ ಒಂದು ಸೂಕ್ಷ್ಮಾಣುವಿನದನ್ನು ಸೇರಿಸಿದ್ದರು. ಕಾಂಡ ಕೊರೆಯುವ ಹುಳ ಕಚ್ಚಿದರೆ ಹುಳವೇ ಸಾಯಲಿ ಅಂತ. ಇಂಥ ಪ್ರಯೋಗಕ್ಕೆ ನಿಯಮಗಳು ಬಿಗಿ. ಗಿಡದ ಒಂದು ಕಾಳಾಗಲಿ, ಒಂದು ಚಿಟಿಕೆ ಪರಾಗವಾಗಲಿ ಆ ಅರ್ಧ ಎಕರೆಯ ಬೇಲಿ ದಾಟಬಾರದು. ದಾಟದಂತೆ ನೋಡಿಕೊಳ್ಳಲು ಜಿಲ್ಲಾ ಮಟ್ಟದಲ್ಲಿ ಒಂದು ಸಮಿತಿ ಮಾಡಿದ್ದರು. ಅದರಲ್ಲಿ ಹೊಲಕ್ಕೆ ಇಳಿಯುತ್ತಿದ್ದವರು ಇಬ್ಬರು, ವಿಶ್ವವಿದ್ಯಾಲಯದಿಂದ ಬರುತ್ತಿದ್ದ ಒಬ್ಬ ವಿಜ್ಞಾನಿ ಮತ್ತು ನಾನು. ಉಳಿದವರು ಸಹಿ ಹಾಕುತ್ತಿದ್ದರು.

ಇಲಿಗಳ ಒಪ್ಪಿಗೆ

ಬಿತ್ತನೆಗೆ ಮುಂಚೆ ಊರವರಿಗೆ ವಿಷಯ ತಿಳಿಸಬೇಕು ಅಂತ ಪಂಚಾಯಿತಿಯಲ್ಲಿ ಸಭೆ ಕರೆದೆವು. ಸಾಮಾನ್ಯವಾಗಿ ಇಂಥ ಸಭೆಗೆ ಹತ್ತು ಜನ ಬಂದರೆ ಹೆಚ್ಚು. ಅವತ್ತು ಕುರ್ಚಿ ಸಾಲದೆ ಶಾಲೆಯಿಂದ ಬೆಂಚು ತರಿಸಬೇಕಾಯಿತು.

ವಿಜ್ಞಾನಿ ಒಳ್ಳೆಯ ಮನುಷ್ಯ. ವಿಷಯ ಗೊತ್ತಿತ್ತು, ಹಮ್ಮು ಇರಲಿಲ್ಲ. ಆದರೆ ವಿದ್ಯಾರ್ಥಿಗಳಿಗೆ ಪಾಠ ಹೇಳಿ ಅಭ್ಯಾಸ. ವಿದ್ಯಾರ್ಥಿಗಳು ಪ್ರಶ್ನೆ ಕೇಳುವುದಿಲ್ಲ. ಅರ್ಧ ಗಂಟೆ ಗೋಡೆಯ ಮೇಲೆ ಚಿತ್ರ ತೋರಿಸಿ ವಿವರಿಸಿದರು. ಮುಗಿದ ಮೇಲೆ ಮುಂದಿನ ಸಾಲಿನಲ್ಲಿ ಕೂತಿದ್ದ ಸುಬೇದಾರರು ಎದ್ದು ನಿಂತರು. ಸೇನೆಯಿಂದ ನಿವೃತ್ತರಾಗಿ ಬಂದು ಕಾಫಿ, ಮೆಣಸು ನೋಡಿಕೊಂಡಿದ್ದ ಕೊಡವ ಹಿರಿಯರು. ಊರಿನಲ್ಲಿ ಯಾವ ಸಭೆಯಾದರೂ ಮೊದಲು ಅವರ ಪ್ರಶ್ನೆ, ಆಮೇಲೆ ಉಳಿದವರದು.

ಹುಳ ತಿಂದರೆ ಸಾಯುತ್ತದೆ ಅಂತ ಹೇಳಿದಿರಿ, ನಾವು ತಿಂದರೆ ಏನಾಗುತ್ತದೆ ಅಂತ ಕೇಳಿದರು. ಏನೂ ಆಗುವುದಿಲ್ಲ, ಹುಳದ ಕರುಳೇ ಬೇರೆ ನಮ್ಮ ಕರುಳೇ ಬೇರೆ ಅಂದರು ವಿಜ್ಞಾನಿ. ಅದು ಹೇಗೆ ಗೊತ್ತಾಯಿತು ಅಂತ ಮುಂದಿನ ಪ್ರಶ್ನೆ. ತಿನ್ನಿಸಿ ನೋಡಿದ್ದೇವೆ ಅಂದರು. ಯಾರಿಗೆ ಅಂದರು ಸುಬೇದಾರರು. ಇಲಿಗಳಿಗೆ ಅಂದರು ವಿಜ್ಞಾನಿ.

ಸಭೆಯಲ್ಲಿ ಯಾರೂ ನಗಲಿಲ್ಲ. ಅವರಿಗೆ ಅದು ನಗುವ ವಿಷಯವಾಗಿರಲಿಲ್ಲ, ನನಗೂ ಅಲ್ಲ. ನಾಳೆ ಊರಿನ ಸಂತೆಯಲ್ಲಿ ಮಾರುವ ಜೋಳ ಅವರದು. ವಿಜ್ಞಾನಿ ಬೇಸರ ಮಾಡಿಕೊಳ್ಳದೆ ಮತ್ತೆ ಹೇಳಿದರು. ಇದು ಇನ್ನೂ ಪ್ರಯೋಗ ಮಾತ್ರ, ಇಲ್ಲಿ ಬೆಳೆದ ಒಂದು ಕಾಳನ್ನೂ ಯಾರೂ ತಿನ್ನುವುದಿಲ್ಲ, ಎಲ್ಲವನ್ನೂ ಸುಟ್ಟು ಬೂದಿ ಹೂಳುತ್ತೇವೆ, ಆಗುತ್ತದೋ ಇಲ್ಲವೋ ಅಂತ ನೋಡುವುದಕ್ಕೇ ಈ ಏರ್ಪಾಡು. ಸುಬೇದಾರರು ಕಣ್ಣು ಮುಚ್ಚಿ ಕೇಳಿಸಿಕೊಂಡರು. ಪ್ರಯೋಗ ಮಾಡಿ, ನಾವು ಅಡ್ಡ ಬರುವುದಿಲ್ಲ, ಆದರೆ ಊರು ಒಪ್ಪಿತು ಅಂತ ಮಾತ್ರ ಬರೆಯಬೇಡಿ ಅಂದರು. ಹಾಗಾದರೆ ನಡಾವಳಿಯಲ್ಲಿ ಏನಂತ ಬರೆಯಲಿ ಅಂತ ಪಂಚಾಯಿತಿ ಅಧಿಕಾರಿ ಪೆನ್ನು ಹಿಡಿದು ಕೇಳಿದ.

"ಇದ್ದದ್ದನ್ನೇ ಬರೀರಿ," ಅಂದರು ಸುಬೇದಾರರು. "ಇಲಿಗಳು ಒಪ್ಪಿವೆ. ಊರಿನವರು ಯೋಚನೆ ಮಾಡ್ತಾ ಇದ್ದಾರೆ."

ಆ ಅಧಿಕಾರಿ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡ. ಮೇಲಿನ ಕಚೇರಿಗೆ ಹೋದ ನಡಾವಳಿಯ ಪ್ರತಿಯಲ್ಲಿ ಐದನೆಯ ಅಂಶವಾಗಿ ಅದು ಈಗಲೂ ಇದೆ.

ಅದೃಷ್ಟವಂತ ಜೋಳ

ಹೊಲದ ಮುಂದೆ ಫಲಕ ಹಾಕಬೇಕು ಅಂತ ಇನ್ನೊಂದು ನಿಯಮ. ಕಂಪನಿಯವರು ಇಂಗ್ಲಿಷಿನಲ್ಲಿ ಬರೆದು ತಂದಿದ್ದರು. ಓದಲಾಗದ ಫಲಕದಿಂದ ಊರವರಿಗೆ ಏನು ಪ್ರಯೋಜನ, ಕನ್ನಡದಲ್ಲಿ ಬರೆಸಿ ಅಂದೆ. ಅವರು ಪೇಟೆಯ ಒಬ್ಬ ಪೇಂಟರ್‌ಗೆ ಒಪ್ಪಿಸಿದರು. ಆತ ಬೇಕರಿ, ಸಲೂನು, ಹೋಂಸ್ಟೇಗಳಿಗೆ ಬೋರ್ಡು ಬರೆಯುವವನು. ಅಕ್ಷರ ಮುತ್ತಿನಂತೆ ಇರುತ್ತಿತ್ತು. ಆದರೆ ತಗಡು ಚಿಕ್ಕದು, ನಾವು ಕೊಟ್ಟ ಒಕ್ಕಣೆ ದೊಡ್ಡದು. ಅವನು ತನಗೆ ಮುಖ್ಯ ಅನ್ನಿಸಿದ್ದನ್ನು ದಪ್ಪಕ್ಕೆ ಬರೆದು, ಉಳಿದದ್ದನ್ನು ಅಡಿಯಲ್ಲಿ ಇರುವೆ ಸಾಲಿನ ಹಾಗೆ ಬರೆದ. ರಸ್ತೆಯಿಂದ ನೋಡಿದವರಿಗೆ ಕಾಣುತ್ತಿದ್ದುದು ಎರಡೇ ಸಾಲು. ಮೇಲೆ 'ಕುಲಾಂತರಿ'. ಕೆಳಗೆ 'ಪ್ರವೇಶ ನಿಷೇಧಿಸಿದೆ'.

ನಾನು ಅದನ್ನು ಇನ್ನೂ ನೋಡಿರಲಿಲ್ಲ. ನಾಲ್ಕನೇ ದಿನ ಒಬ್ಬಳು ಹೆಣ್ಣುಮಗಳು ಕಚೇರಿಗೆ ಬಂದು ನನ್ನ ಎದುರು ಕೂತಳು. ಮೂವತ್ತರೊಳಗಿನ ವಯಸ್ಸು. ಆ ಹೊಲದಿಂದ ಆಚೆಗೆ ಅವಳ ಗಂಡನ ಶುಂಠಿ ಗದ್ದೆ. ಇಬ್ಬರೂ ದಿನಾ ಅದೇ ದಾರಿಯಲ್ಲಿ ಹೋಗಿಬರುವವರು. ಇಬ್ಬರದೂ ಬೇರೆ ಬೇರೆ ಜಾತಿ. ಎರಡೂ ಮನೆಯವರನ್ನು ಎದುರು ಹಾಕಿಕೊಂಡು, ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾಗಿ, ಮೂರು ವರ್ಷ ಮಾತಿಲ್ಲ ಕತೆಯಿಲ್ಲ ಅಂತ ಬದುಕಿ, ಈಚೆಗೆ ಊರವರು ಹಬ್ಬಕ್ಕೆ ಕರೆಯಲು ಶುರುಮಾಡಿದ್ದರಂತೆ. ಅಷ್ಟರಲ್ಲಿ ಈ ಬೋರ್ಡು.

"ಮೇಡಂ, ಮೂರು ವರ್ಷ ಆದ್ಮೇಲೆ ಸರ್ಕಾರದವರು ಈಗ ಯಾಕೆ ಶುರುಮಾಡಿದ್ರಿ?" ಅಂತ ಕೇಳಿದಳು.

ನನಗೆ ಮೊದಲು ಅರ್ಥವಾಗಲಿಲ್ಲ. ಅವಳು ಮೊಬೈಲಿನಲ್ಲಿ ತೆಗೆದ ಫೋಟೋ ತೋರಿಸಿದಾಗ ನಾಚಿಕೆಯಾಯಿತು. ಕನ್ನಡದಲ್ಲಿ ಬರೆಸಿ ಅಂತ ಹಟ ಹಿಡಿದವಳು ನಾನು. ಕುಲ ಅನ್ನುವ ಮಾತು ನಮ್ಮ ಜನರ ಕಿವಿಗೆ ಹೇಗೆ ಬೀಳುತ್ತದೆ ಅಂತ ಯೋಚಿಸದೆ ಆ ಮಾತನ್ನು ರಸ್ತೆ ಬದಿಗೆ ನಿಲ್ಲಿಸಿಬಿಟ್ಟಿದ್ದೆ. ಕ್ಷಮೆ ಕೇಳಿದೆ. ನಾಳೆಯೇ ಬೇರೆ ಬರೆಸುತ್ತೇನೆ ಅಂದೆ. ಇದು ಜೋಳದ ವಿಷಯ, ಒಂದು ಜೀವಿಯದನ್ನು ಇನ್ನೊಂದು ಕುಲದ ಜೀವಿಗೆ ಸೇರಿಸಿದ್ದಾರೆ, ಅದಕ್ಕೇ ಆ ಹೆಸರು ಅಂತ ವಿವರಿಸಿದೆ. ಅವಳು ಬೋರ್ಡಿನ ಫೋಟೋವನ್ನು ಮತ್ತೊಮ್ಮೆ ನೋಡಿದಳು. ಮುಖದ ಬಿಗಿ ಸ್ವಲ್ಪ ಸಡಿಲಾಯಿತು.

"ಹಾಗಾದ್ರೆ ಇದೂ ಮನೆಯವರಿಗೆ ಹೇಳದೆ ಆದದ್ದಾ?"

ಇಲ್ಲಮ್ಮ, ಕಂಪನಿಯವರೇ ಮುಂದೆ ನಿಂತು ಮಾಡಿಸಿದ್ದು, ಸರ್ಕಾರ ಒಪ್ಪಿಗೆ ಕೊಟ್ಟಿದೆ, ಸುತ್ತ ಬೇಲಿ ಹಾಕಿ ಕಾವಲಿಗೂ ಜನ ಇಟ್ಟಿದ್ದಾರೆ ಅಂದೆ.

ಅವಳು ಎದ್ದು ಚೀಲ ಹೆಗಲಿಗೆ ಹಾಕಿಕೊಂಡಳು. "ಅದೃಷ್ಟವಂತ ಜೋಳ ಮೇಡಂ," ಅಂದಳು. "ನಮಗೆ ಸಾಕ್ಷಿ ಹಾಕೋಕೂ ಯಾರೂ ಬಂದಿರ್ಲಿಲ್ಲ."

ಹೂವಿಗೂ ಮುಸುಕು

ಪ್ರಯೋಗದ ಹೊಲದ ಸುತ್ತ ಇಂತಿಷ್ಟು ದೂರದವರೆಗೆ ಬೇರೆ ಜೋಳ ಇರಕೂಡದು. ಜೋಳದ ಪರಾಗ ಗಾಳಿಯಲ್ಲಿ ಹಾರುತ್ತದೆ. ಇಲ್ಲಿಯದು ಅಲ್ಲಿಗೆ ಹೋಗಿ ತೆನೆಗೆ ಕೂತರೆ ಆ ತೆನೆಯ ಕಾಳಿಗೂ ಇದರ ಗುಣ ಬಂದುಬಿಡಬಹುದು. ನಾನು, ವಿಜ್ಞಾನಿ ಇಬ್ಬರೂ ಟೇಪು ಹಿಡಿದು ಅಳೆಯುತ್ತಾ ಹೋದೆವು. ಮೂರು ದಿಕ್ಕಿಗೆ ಶುಂಠಿ, ಗೆಣಸು, ಬೀಳು. ನಾಲ್ಕನೇ ದಿಕ್ಕಿಗೆ ಒಂದು ಹೆಂಚಿನ ಮನೆ, ಅದರ ಹಿತ್ತಲಿನಲ್ಲಿ ಎದೆಮಟ್ಟ ಬೆಳೆದ ಹನ್ನೊಂದು ಜೋಳದ ಗಿಡ.

ಮನೆಯ ಅಜ್ಜಿ ಅರಕಲಗೂಡಿನ ಕಡೆಯವರು. ಮದುವೆಯಾಗಿ ಹೊಸದರಲ್ಲಿ ಗಂಡನ ಜೊತೆ ಈ ಕಡೆಗೆ ಬಂದು ನೆಲೆಯಾದವರಂತೆ. ಬರುವಾಗ ತಾಯಿ ಸೆರಗಿಗೆ ಕಟ್ಟಿಕೊಟ್ಟ ಕೆಂಪು ಜೋಳದ ಬೀಜ ಅದು. ಪ್ರತಿ ವರ್ಷ ಒಂದು ಒಳ್ಳೆಯ ತೆನೆಯನ್ನು ಒಲೆಯ ಮೇಲೆ ಹೊಗೆಗೆ ಕಟ್ಟಿ, ಮರುವರ್ಷ ಅದನ್ನೇ ಊರುತ್ತಾ ಬಂದಿದ್ದರು. ಒಳಗೆ ಕರೆದುಕೊಂಡು ಹೋಗಿ ತೋರಿಸಿದರು. ಮಸಿ ಹಿಡಿದು ಕಪ್ಪಾದ ತೆನೆ, ಉಗುರಿನಿಂದ ಕೆರೆದರೆ ಒಳಗೆ ಮಾಣಿಕ್ಯದ ಬಣ್ಣ.

ನಿಯಮದ ಪ್ರಕಾರ ಸುಲಭದ ದಾರಿ ಒಂದಿತ್ತು. ಆ ಗಿಡಗಳನ್ನು ಕಿತ್ತು ಹಾಕಿಸಿ, ಕಂಪನಿಯಿಂದ ಪರಿಹಾರ ಕೊಡಿಸುವುದು. ಕಂಪನಿಯ ಹೊಲದ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಯುವಕ ಅದನ್ನೇ ಹೇಳಿದ. ಅಜ್ಜಿ ಅವನ ಮಾತು ಪೂರ್ತಿ ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ನಂದು ಹೋಗಿ ನಿಮ್ದನ್ನ ಕೆಡಿಸ್ತದಾ ಕಣವ್ವ, ನಿಮ್ದು ಬಂದು ನಂದನ್ನ ಕೆಡಿಸ್ತದಾ?"

ನಮ್ಮದು ಬಂದು ನಿಮ್ಮದಕ್ಕೆ ಬೆರೆಯಬಹುದು ಅಂತ ಭಯ ಅಜ್ಜಿ ಅಂದೆ.

"ಹಂಗಾರೆ ಹಾದಿ ತಪ್ಪೋ ದನ ನಿಮ್ದು. ಕಟ್ಟಾಕ್ಬೇಕಾದ್ದು ಯಾರನ್ನ?"

ವಿಜ್ಞಾನಿ ಟೇಪು ಸುತ್ತುವುದನ್ನು ನಿಲ್ಲಿಸಿದರು. ನಾನು ನಿಯಮದ ಪುಸ್ತಕ ಇಪ್ಪತ್ತು ಸಲ ಓದಿದ್ದೆ. ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ನಾವು ಮಾಡುವ ಪ್ರಯೋಗಕ್ಕೆ ಪಕ್ಕದ ಮನೆಯವರು ತಮ್ಮ ಬೀಜ ಯಾಕೆ ಬಿಡಬೇಕು? ಮರುದಿನ ವಿಜ್ಞಾನಿಯೇ ಫೋನ್ ಮಾಡಿ, ಇನ್ನೊಂದು ದಾರಿ ಇದೆ ಅಂದರು. ಪ್ರಯೋಗದ ಪ್ರತಿ ಗಿಡದ ತುದಿಯಲ್ಲಿ ಬರುವ ಗಂಡು ಹೂವಿಗೆ, ಅರಳುವ ಮೊದಲೇ ಕಾಗದದ ಚೀಲ ಕಟ್ಟಿಬಿಡುವುದು, ಪರಾಗವನ್ನು ಕೈಯಿಂದಲೇ ತೆನೆಗೆ ಸೋಕಿಸುವುದು. ಕಂಪನಿಯ ಯುವಕ ಅದು ಬಹಳ ಕೆಲಸ, ಸಾವಿರಾರು ಗಿಡ ಇವೆ ಅಂತ ಗೊಣಗಿದ. ಅಜ್ಜಿಯದು ಇರುವುದೇ ಹನ್ನೊಂದು, ಕೆಟ್ಟರೆ ಬೀಜವೇ ಹೋಯಿತು, ಅದಕ್ಕೇ ನಿಮ್ಮದಕ್ಕೆ ಕಟ್ಟಬೇಕು ಅಂದೆ. ಮೇಲಿನವರಿಗೆ ಬರೆದು ಒಪ್ಪಿಸುವುದಕ್ಕೆ ಎರಡು ವಾರ ಬೇಕಾಯಿತು. ಒಪ್ಪಿದರು.

ಹೂ ಬರುವ ಹೊತ್ತಿಗೆ ಇಡೀ ಹೊಲ ಕಂದು ಚೀಲ ತೊಟ್ಟುಕೊಂಡು ನಿಂತಿತು. ಅಜ್ಜಿ ಬೇಲಿಯ ಆಚೆಯಿಂದ ನೋಡುತ್ತಾ ನಿಂತಿದ್ದರು. ಈಗ ಸಮಾಧಾನವಾಯಿತಾ ಅಂತ ಕೇಳಿದೆ. ಅವರ ಹಿತ್ತಲಿನ ಗಿಡಗಳು ಆಗ ಹೂಬಿಟ್ಟು ಗಾಳಿಗೆ ತೂಗುತ್ತಿದ್ದವು.

"ಆಯ್ತು ಕಣವ್ವ," ಅಂದರು. "ಆದ್ರೂ ಪಾಪ. ತೆನೆಗೆ ಮುಸುಕು ದೇವ್ರೇ ಹೊದ್ಸಿದ್ದ. ಹೂವಿಗೊಂದು ಗಾಳಿ ಬೆಳಕು ಬಿಟ್ಟಿದ್ದ. ನೀವು ಅದ್ಕೂ ಹಾಕಿದ್ರಿ."

ತಪ್ಪಿಸಿಕೊಂಡು ಹೋಗುತ್ತಿದ್ದ ಕಾಳು

ಹೊಲದ ಗೇಟಿನ ಕಾವಲುಗಾರ ಸಂಪಾಜೆ ಕಡೆಯವನು, ಮನೆಮಾತು ಅರೆಭಾಷೆ. ಮೊದಲು ಒಂದು ಎಸ್ಟೇಟಿನಲ್ಲಿ ಇಪ್ಪತ್ತು ವರ್ಷ ಕಾಫಿ ಕಾವಲು ಕಾದವನು. ಮಾತು ಕಡಿಮೆ. ಅವನಿಗೆ ಒಂದು ದೊಡ್ಡ ರಿಜಿಸ್ಟರ್ ಕೊಟ್ಟು ಹೇಳಿದ್ದೆವು: ಒಳಗೆ ಹೋಗುವವರ ಹೆಸರು, ಅನುಮತಿ ಪತ್ರ, ಹೋದ ಹೊತ್ತು, ಬಂದ ಹೊತ್ತು, ಜೊತೆಗೆ ತಂದದ್ದು, ಒಯ್ದದ್ದು, ಎಲ್ಲ ಬರೆಯಬೇಕು, ಯಾರಿಗೂ ವಿನಾಯಿತಿ ಇಲ್ಲ.

ಮೊದಲ ತಪಾಸಣೆಗೆ ಹೋದಾಗ ಅವನು ನನ್ನನ್ನೇ ತಡೆದ. ಅನುಮತಿ ಪತ್ರ ಎಲ್ಲಿ ಅಂದ. ಅನುಮತಿ ಕೊಡುವವಳೇ ನಾನು ಅಂದೆ. ಗೊತ್ತುಂಟು ಮೇಡಂ, ಆದರೆ ಚೀಟಿ ಇಲ್ಲೆ ಅಂದ. ಮಳೆ ಬೀಳುತ್ತಿತ್ತು. ಕೊಡೆ ಕತ್ತಿಗೆ ಸಿಕ್ಕಿಸಿಕೊಂಡು, 'ಈ ಪತ್ರ ತಂದವರನ್ನು ಒಳಗೆ ಬಿಡುವುದು' ಅಂತ ನನಗೆ ನಾನೇ ಒಂದು ಚೀಟಿ ಬರೆದು, ಸಹಿ ಹಾಕಿ ಅವನ ಕೈಗೆ ಕೊಟ್ಟೆ. ಅವನು ಅದನ್ನು ಓದಿ, ಸಹಿ ನಿಮ್ಮದೇ ಹೌದಾ ಅಂತ ಕೇಳಿ, ಗೇಟು ತೆಗೆದ.

ಅವತ್ತು ಸಿಟ್ಟು ಬಂದಿತ್ತು. ಆಮೇಲೆ ಅವನ ಬೆಲೆ ಗೊತ್ತಾಯಿತು.

ತೆನೆ ಬಲಿಯುವ ಕಾಲಕ್ಕೆ ಹಿರಿಯ ಅಧಿಕಾರಿಯೊಬ್ಬರು ಹೊಲ ನೋಡಲು ಬಂದರು. ನಮ್ಮೆಲ್ಲರ ವರದಿಯ ಮೇಲೆ ಸಹಿ ಮಾಡಬೇಕಾದವರು. ಸಾಲಿನ ನಡುವೆ ನಡೆದರು, ಚೀಲ ಕಟ್ಟಿದ್ದನ್ನು ಮೆಚ್ಚಿದರು, ಒಂದು ತೆನೆಯ ಸಿಪ್ಪೆ ಸರಿಸಿ ನೋಡಿದರು. ಹೊರಗೆ ಬರುವಾಗ ಕಾವಲುಗಾರ ಎಲ್ಲರ ಚೀಲ ನೋಡಿದ, ಚಪ್ಪಲಿ ಕೊಡವಿಸಿದ. ಆಮೇಲೆ ಸಾಹೇಬರ ಮುಂದೆ ಕೈಕಟ್ಟಿ ನಿಂತು, ಜೇಬು ಒಂದು ತೋರಿಸಬೇಕಿತ್ತು ಸಾರ್ ಅಂದ.

ಸಾಹೇಬರ ಮುಖ ಕೆಂಪಾಯಿತು. ನಾನು ಅಡ್ಡ ಬರಬೇಕೋ ಬೇಡವೋ ಅಂತ ಒಂದು ಕ್ಷಣ ತಡವರಿಸಿದೆ. ಇವರ ಮೇಲಿನ ಗೌರವ ಒಂದು ಕಡೆ, ರಿಜಿಸ್ಟರ್ ಒಂದು ಕಡೆ. ವಿಜ್ಞಾನಿ ನೆಲ ನೋಡುತ್ತಿದ್ದರು. ನಾನು ಮುಂದೆ ಬಂದು ನನ್ನ ಕೈಚೀಲವನ್ನು ರಿಜಿಸ್ಟರ್ ಇಟ್ಟಿದ್ದ ಮೇಜಿನ ಮೇಲೆ ಪೂರ್ತಿ ಸುರಿದೆ. ಕನ್ನಡಕ, ಮಾತ್ರೆ, ಬಾಚಣಿಗೆ, ಅರ್ಧ ತಿಂದ ಬಿಸ್ಕತ್ತು ಎಲ್ಲ ಹೊರಗೆ ಬಿತ್ತು. ಆಮೇಲೆ ಸಾಹೇಬರು ನಿಧಾನಕ್ಕೆ ಜೇಬಿಗೆ ಕೈ ಹಾಕಿ ಎರಡು ಕಾಳು ತೆಗೆದರು. ಮನೆಯಲ್ಲಿ ತೋರಿಸೋಣ ಅಂತ ಇಟ್ಟುಕೊಂಡಿದ್ದೆ, ತಪ್ಪಾಯಿತು ಅಂದರು. ಅಷ್ಟು ದೊಡ್ಡ ಹುದ್ದೆಯಲ್ಲಿದ್ದವರು ಗೇಟಿನಲ್ಲಿ ನಿಂತು ಹಾಗೆ ಹೇಳಿದ್ದು ಕೇಳಿ ನನಗೆ ಅವರ ಮೇಲೆ ಗೌರವ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಈಗ ಕಷ್ಟ ಬಂದದ್ದು ರಿಜಿಸ್ಟರಿಗೆ. ನಡೆದದ್ದನ್ನು ಬರೆಯದಿದ್ದರೆ ಸುಳ್ಳು. ಬರೆದರೆ ಸಾಹೇಬರ ಮಾನ. ಕಾವಲುಗಾರ ಪೆನ್ನು ತೆಗೆದ. ಆಮೇಲೆ ಬರೆದು ಪುಸ್ತಕ ನನ್ನ ಕಡೆ ತಿರುಗಿಸಿದ. ಷರಾ ಕಲಂನಲ್ಲಿ ಹೀಗಿತ್ತು: 'ಎರಡು ಕಾಳುಗಳು ಸಾಹೇಬರಿಗೆ ತಿಳಿಯದಂತೆ ಅವರ ಜೇಬಿನಲ್ಲಿ ಕೂತು ತಪ್ಪಿಸಿಕೊಂಡು ಹೋಗುತ್ತಿದ್ದವು. ಸಾಹೇಬರೇ ಹಿಡಿದುಕೊಟ್ಟಿರುತ್ತಾರೆ.'

ಮಾದರಿ ನೀಡಿದವರ ಸಹಿ

ಕೊಯ್ಲಿಗೆ ಒಂದು ವಾರ ಇತ್ತು. ಬೆಳಿಗ್ಗೆ ಕಾವಲುಗಾರನ ಫೋನ್ ಬಂತು. ರಿಜಿಸ್ಟರಿನಲ್ಲಿ ಸಹಿ ಮಾಡದೆ ಒಬ್ಬರು ಒಳಗೆ ಹೋಗಿ ಬಂದಿದ್ದಾರೆ ಮೇಡಂ, ತಡೆಯಲಿಕ್ಕೆ ಆಗಲಿಲ್ಲೆ ಅಂದ. ಯಾರು ಅಂದೆ. ಆನೆ ಅಂದ.

ಹೋಗಿ ನೋಡಿದರೆ ಕಾಡಿನ ಕಡೆಯ ಬೇಲಿ ಮಲಗಿತ್ತು. ಪ್ರಯೋಗದ ಗಿಡಗಳ ಸುತ್ತ ಅಂಚಿಗೆ ನಾವು, ಹಾರಿದ ಪರಾಗ ಅಲ್ಲೇ ತಡೆಯಲಿ ಅಂತ, ಸಾಧಾರಣ ಜೋಳದ ಕೆಲವು ಸಾಲು ಹಾಕಿದ್ದೆವು. ಕೊನೆಗೆ ಅವನ್ನೂ ಸುಡುವುದೇ ನಿಯಮ. ಆ ಸಾಲುಗಳನ್ನು ಆನೆ ಒಂದು ಕಡೆಯಿಂದ ತಿಂದು ಮುಗಿಸಿತ್ತು. ಕುಲಾಂತರಿ ಗಿಡಗಳ ಹತ್ತಿರ ಬಂದು ನಿಂತುಬಿಟ್ಟಿತ್ತು. ಅಲ್ಲಿಯದು ಮೂರು ಗಿಡ ಮಾತ್ರ ಮುರಿದಿದ್ದವು, ಮೂರರ ತೆನೆಯೂ ಕಾಣಲಿಲ್ಲ. ಆನೆ ತಿಂದಿತೋ, ತುಳಿದು ಕೆಸರಿನಲ್ಲಿ ಹೂತುಹಾಕಿತೋ, ಮೇಲೆ ಮೇಲೆ ಕೆದಕಿ ನೋಡಿದರೂ ಗೊತ್ತಾಗುವಂತಿರಲಿಲ್ಲ.

ಅಷ್ಟು ಹೊತ್ತಿಗೆ ಊರು ಸೇರಿತ್ತು. ಆನೆಗೂ ಬೇಡವಾದ ಜೋಳ ಅಂತ ಕೆಲವರು. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿದೆ, ತಿಳಿದ ಆನೆ ಅಂತ ಇನ್ನು ಕೆಲವರು. ಹಾಗೇನಿಲ್ಲ, ನಾನು ಪಟಾಕಿ ಸಿಡಿಸಿದ್ದಕ್ಕೆ ಹೋಯಿತು ಅಂತ ಕಾವಲುಗಾರ ಹೇಳಿದ್ದನ್ನು ಎರಡೂ ಕಡೆಯವರು ಕಿವಿಗೆ ಹಾಕಿಕೊಳ್ಳಲಿಲ್ಲ. ಪ್ರತಿಯೊಬ್ಬರಿಗೂ ಆನೆ ತಮ್ಮ ಕಡೆಯ ಸಾಕ್ಷಿ ಆಗಬೇಕಿತ್ತು.

ಕಂಪನಿಯ ಯುವಕ ನನ್ನನ್ನು ಪಕ್ಕಕ್ಕೆ ಕರೆದ. ಪ್ರಯೋಗದ ಕಾಳು ಹೊರಗೆ ಹೋಯಿತು ಅಂತ ಆದರೆ ಎಲ್ಲ ರದ್ದಾಗುತ್ತದೆ, ತನ್ನ ಕೆಲಸವೂ ಹೋಗುತ್ತದೆ, ಗಾಳಿ ಮಳೆಗೆ ಬೇಲಿ ಬಿತ್ತು ಅಂತ ಬರೆದುಬಿಡಿ ಮೇಡಂ ಅಂತ ಬೇಡಿಕೊಂಡ. ಅವನ ಮೇಲೆ ಕನಿಕರ ಹುಟ್ಟಿತು. ಆದರೆ ನಮ್ಮಿಬ್ಬರ ನಡುವೆ ಕೆಸರಿನಲ್ಲಿ ಮೊರದಗಲದ ಒಂದು ಹೆಜ್ಜೆ ಇತ್ತು. ಗಾಳಿ ಅಂತ ಬರೆದರೆ ಗಾಳಿಗೆ ಕಾಲಿತ್ತು ಅಂತಲೂ ಬರೆಯಬೇಕಾಗುತ್ತದಪ್ಪ ಅಂದೆ. ಮುಚ್ಚಿಟ್ಟು ಮುಂದೆ ಎಲ್ಲೋ ಒಂದು ಗಿಡ ಹುಟ್ಟಿದರೆ, ಊರವರು ನನ್ನನ್ನೂ ನಂಬುವುದಿಲ್ಲ, ನಿನ್ನ ಜೋಳವನ್ನೂ ನಂಬುವುದಿಲ್ಲ ಅಂತ ಹೇಳಿದೆ.

ತಿಂದದ್ದು ಏನು ಅಂತ ತಿಳಿಯಲು ಒಂದೇ ದಾರಿ ಇತ್ತು. ಮರುದಿನ ವಿಜ್ಞಾನಿ, ನಾನು, ದಾರಿ ತೋರಿಸಲು ಅರಣ್ಯ ಇಲಾಖೆಯ ಗಾರ್ಡ್, ಮೂವರೂ ಆನೆಯ ಹೆಜ್ಜೆ ಹಿಡಿದು ಹೊರಟೆವು. ಕಾಡಿನ ಅಂಚಿನಲ್ಲಿ ನೀರು ಹರಿಯುವ ತೋಡಿನ ಹತ್ತಿರ ಲದ್ದಿ ಸಿಕ್ಕಿತು. ವಿಜ್ಞಾನಿ ಕೈಗವಸು ಹಾಕಿಕೊಂಡು ಕಡ್ಡಿಯಿಂದ ಬಿಡಿಸಿ ನೋಡಿದರೆ ಒಳಗೆ ಜೋಳದ ಕಾಳುಗಳು, ಕೆಲವು ಇಡಿಯಾಗಿಯೇ ಇದ್ದವು. ಬರಿಗಣ್ಣಿಗೆ ಎರಡೂ ಜೋಳ ಒಂದೇ. ಪ್ರಯೋಗಾಲಯಕ್ಕೆ ಕಳಿಸಬೇಕು. ಸಿಕ್ಕ ಲದ್ದಿಯನ್ನೆಲ್ಲ ಡಬ್ಬಿಗೆ ತುಂಬಿ, ಬಟ್ಟೆ ಸುತ್ತಿ, ಅರಗಿನ ಮುದ್ರೆ ಒತ್ತಿ, ಮೂವರೂ ಸಹಿ ಮಾಡಿ ಕಳಿಸಿದೆವು. ಜೀಪಿನ ಡ್ರೈವರ್ ಕನ್ನಡಿಯಲ್ಲಿ ಡಬ್ಬಿಯನ್ನು ನೋಡಿಕೊಂಡು ಎಲ್ಲ ಕಿಟಕಿಗಳನ್ನೂ ಇಳಿಸಿದ.

ಐದನೇ ದಿನ ಡಬ್ಬಿ ಹಾಗೇ ವಾಪಸ್ಸು ಬಂತು. ಜೊತೆಗೆ ಒಂದು ಸಾಲಿನ ಆಕ್ಷೇಪಣೆ: 'ಮಾದರಿ ನೀಡಿದವರ ಸಹಿ ಇರುವುದಿಲ್ಲ.'

ಫೋನ್ ಮಾಡಿದೆ. ಅಲ್ಲಿಯ ಗುಮಾಸ್ತರು ಬಹಳ ಮರ್ಯಾದೆಯ ಮನುಷ್ಯ. ಆ ಕಲಂ ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಕ್ಕೆ ಹೋಗುವುದಿಲ್ಲ ಮೇಡಂ ಅಂದರು. ಮಾದರಿ ಆನೆಯದು ಅಂದೆ. ಹಾಗಾದರೆ ಆನೆಯ ಮಾಲೀಕರ ಸಹಿ ಹಾಕಿಸಿ ಅಂದರು. ಮಾಲೀಕರಿಲ್ಲ, ಕಾಡಾನೆ ಅಂದೆ. ಅವರು ಫೋನ್ ಪಕ್ಕಕ್ಕಿಟ್ಟು ಹೋಗಿ, ಯಾರನ್ನೋ ಕೇಳಿಕೊಂಡು ಬಂದರು.

"ಸಹಿ ಬರದವರಾದ್ರೆ ಹೆಬ್ಬೆಟ್ಟು ಆಗುತ್ತೆ ಮೇಡಂ. ಸ್ಕ್ಯಾನ್ ಮಾಡೋಕೆ ಏನಾದ್ರೂ ಒಂದು ಗುರುತು ಬೇಕಷ್ಟೆ."

ಫೋನ್ ಇಟ್ಟು ತಲೆ ಹಿಡಿದು ಕೂತೆ. ನಗು ಬರುವ ಸ್ಥಿತಿಯಲ್ಲಿರಲಿಲ್ಲ. ಆ ಪರೀಕ್ಷೆ ಆಗದಿದ್ದರೆ ಆ ತೋಡಿನ ಸುತ್ತಲಿನ ಎಲ್ಲರ ಹೊಲಗಳನ್ನೂ ಅನುಮಾನದಿಂದ ನೋಡಬೇಕಿತ್ತು. ಅರಣ್ಯ ಇಲಾಖೆಯ ಗಾರ್ಡ್ ಅಲ್ಲೇ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ. ಹೆಬ್ಬೆಟ್ಟು ನಮ್ಮ ಹತ್ತಿರ ಉಂಟು ಮೇಡಂ ಅಂದ. ಯಾವ ಆನೆ ಬಂದು ಹೋಯಿತು ಅಂತ ಗುರುತಿಡಲು ಅವರು ಹೆಜ್ಜೆಯ ಮೇಲೆ ಕಾಗದ ಹಾಸಿ ಅಂಚು ಬರೆದುಕೊಳ್ಳುತ್ತಾರಂತೆ. ಆ ದಿನದ್ದನ್ನು ತಂದುಕೊಟ್ಟ. ಮುಂದಿನ ಎಡಗಾಲು. ನಾಲ್ಕು ಹಾಳೆ ಅಂಟಿಸಿ ಬರೆದದ್ದು, ಮಡಿಸಿ ಅರ್ಜಿಗೆ ಪಿನ್ನು ಹೊಡೆದರೆ ಅರ್ಜಿಯೇ ಅದರೊಳಗೆ ಕಾಣೆಯಾಯಿತು. ಅದನ್ನೇ ಕಳಿಸಿದೆವು.

ಕಂಪ್ಯೂಟರ್ ಮುಂದಕ್ಕೆ ಹೋಯಿತು. ಪರೀಕ್ಷೆ ಆಯಿತು. ಲದ್ದಿಯಲ್ಲಿದ್ದ ಕಾಳೆಲ್ಲ ಸಾಧಾರಣ ಜೋಳದ್ದು ಅಂತ ವರದಿ ಬಂತು. ಕಾಣೆಯಾದ ಮೂರು ತೆನೆಗಳು ಕೊಯ್ಲಿನ ದಿನ ಆಳಕ್ಕೆ ಅಗೆದಾಗ ಅದೇ ಹೆಜ್ಜೆಗಳ ಅಡಿಯ ಕೆಸರಿನಲ್ಲಿ ಸಿಕ್ಕವು. ಎಣಿಸಿ ಎಲ್ಲದರ ಜೊತೆ ಸುಟ್ಟೆವು. ಆ ಹೊಲದಿಂದ ಒಂದು ಕುಲಾಂತರಿ ಕಾಳೂ ಹೊರಗೆ ಹೋಗಿಲ್ಲ ಅಂತ ಊರವರ ಮುಂದೆ ನಿಂತು ಹೇಳಿದಾಗ, ಮೊದಲ ಸಲ ಆ ಮಾತನ್ನು ಪೂರ್ತಿ ನಂಬಿ ಹೇಳಿದ್ದೆ.

ಆ ಅರ್ಜಿಯ ಒಂದು ಪ್ರತಿಯನ್ನು ನಾನು ಇಟ್ಟುಕೊಂಡಿದ್ದೇನೆ. ಅದರಲ್ಲಿ ಹೆಬ್ಬೆಟ್ಟಿನ ಗುರುತಿನ ಕೆಳಗೆ, ದೃಢೀಕರಿಸುವ ಅಧಿಕಾರಿ ಸಹಿ ಮಾಡುವ ಕಡೆ, 'ನನ್ನ ಸಮಕ್ಷಮದಲ್ಲಿ ಒತ್ತಿರುತ್ತಾರೆ' ಅಂತ ಅಚ್ಚಾಗಿತ್ತು. ಸುಳ್ಳಿಗೆ ಸಹಿ ಹಾಕಿ ಅಭ್ಯಾಸವಿಲ್ಲ. 'ನನ್ನ ಸಮಕ್ಷಮದಲ್ಲಿ' ಅನ್ನುವುದನ್ನು ಹೊಡೆದುಹಾಕಿ, 'ನಾನು ಬರುವ ಮೊದಲೇ, ದೇವರ ದಯೆಯಿಂದ' ಅಂತ ತಿದ್ದಿ ಸಹಿ ಮಾಡಿದೆ.